ಹುರಿಯದ ಬೆಟ್ಟದ ಎಳ್ಳು

ಪಿತೋರಾಗಢ
12 ಮೇ 2025

ಪ್ರೀತಿಯ ಅಕ್ಕ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಇವರ ಜೊತೆ ಮಿಲಿಟರಿಯಲ್ಲಿರುವ ರಂಗಪ್ಪ ರಜೆಗೆ ಮಾಯಸಂದ್ರಕ್ಕೆ ಬರುತ್ತಿದ್ದಾರೆ. ನನ್ನ ತವರಿನ ಕಡೆಯವರು, ನಂಬಬಹುದು. ಅವರ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು, ನಿಜ. ಆದರೆ ನಮ್ಮ ಮನೆಯ ಫೋನು ಅತ್ತೆಯ ಮಡಿಲಲ್ಲಿರುತ್ತದೆ. ಕಿವಿ ಮಂದವಾದ ಮೇಲೆ ಅವರು ಸ್ಪೀಕರ್ ಹಾಕದೆ ಮಾತಾಡುವುದೇ ಇಲ್ಲ. ಹೋದ ಸಲ ನನಗೆ ಹೊಟ್ಟೆ ಸರಿಯಿಲ್ಲ ಅಂದದ್ದಕ್ಕೆ ಡೈರಿಗೆ ಹಾಲು ಹಾಕಲು ಹೊರಟಿದ್ದವರೆಲ್ಲ ಜಗಲಿಗೆ ಬಂದು ಒಬ್ಬೊಬ್ಬರು ಒಂದೊಂದು ಕಷಾಯ ಹೇಳಿದರು. ನೀನು ಪಕ್ಕದಲ್ಲೇ ನಿಂತು ನಗುತ್ತಿದ್ದೆ, ನನಗೆ ಕೇಳಿಸಿತು. ಆದ್ದರಿಂದ ನಾವಿಬ್ಬರು ಓರಗಿತ್ತಿಯರು ಕಾಗದದಲ್ಲೇ ಮಾತಾಡೋಣ.

ಗಂಟಿನಲ್ಲಿ ಅತ್ತೆಗೆ ಉಣ್ಣೆಯ ಟೋಪಿ ಇದೆ. ಶೆಟ್ಟಿಕೆರೆಯ ಬಿಸಿಲಿಗೆ ಅದು ಬೇಡ ಅಂತ ಗೊತ್ತು, ಆದರೂ ಹಾಕಿಕೊಳ್ಳುತ್ತಾರೆ. ಒಂದು ಬಟ್ಟೆಯ ಚೀಲದಲ್ಲಿ ಬೆಟ್ಟದ ಎಳ್ಳಿದೆ. ಇಲ್ಲಿಯ ಹಿಮಾಲಯದ ಜನ ಚಳಿಗಾಲದಲ್ಲಿ ಅದನ್ನು ಹುರಿದು, ಉಪ್ಪು, ಹಸಿಮೆಣಸಿನಕಾಯಿ, ನಿಂಬೆಹಣ್ಣು ಹಾಕಿ ರುಬ್ಬಿ ತಿನ್ನುತ್ತಾರೆ. ಮೈ ಬೆಚ್ಚಗಿರುತ್ತದೆ, ಕೀಲು ನೋವಿಗೆ ಒಳ್ಳೆಯದಂತೆ. ರಾಗಿ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಎಲ್ಲಿಯ ಎಳ್ಳು, ಯಾವ ಎಳ್ಳು ಅಂತ ಅತ್ತೆ ಕೇಳಿದರೆ ಬೆಟ್ಟದ್ದು ಅಂದುಬಿಡು.

ನಿನ್ನ ಮಗಳಿಗೆ ಎಲ್ಲಾದರೂ ಹುಡುಗ ನೋಡುತ್ತಿದ್ದೀರಾ? ಮೂರು ಕಡೆಯವರು ಧನ್ಯಶ್ರೀಯ ನಗು ಜೋರು ಅಂತ ಬಿಟ್ಟುಹೋದದ್ದು ನನಗೆ ಇನ್ನೂ ಹೊಟ್ಟೆಯೊಳಗೆ ಉರಿಯುತ್ತದೆ.

ನಿನ್ನ,
ಅನಿತಾ


ಶೆಟ್ಟಿಕೆರೆ
8 ಜೂನ್ 2025

ಅನಿತಾಗೆ ಅಕ್ಕ ಬರೆಯುವುದು.

ರಂಗಪ್ಪನವರು ಮನೆಗೇ ಬಂದು ಗಂಟು ಕೊಟ್ಟು, ಮಜ್ಜಿಗೆ ಕುಡಿದು ಹೋದರು. ಟೋಪಿ ಅತ್ತೆಯ ತಲೆಯಿಂದ ಇಳಿದಿಲ್ಲ. ಅದನ್ನು ಹಾಕಿಕೊಂಡೇ ಡೈರಿಯ ಮುಂದೆ ಎರಡು ಸಲ ಸುಮ್ಮನೆ ಓಡಾಡಿ ಬಂದರು. ಪಕ್ಕದ ಮನೆಯ ಹುಚ್ಚಕ್ಕ ಹಾಲಿನ ಕ್ಯಾನು ಇಳಿಸಿ, “ಏನ್ ಚಿಕ್ಕಗೌರಮ್ಮ, ಯುದ್ಧಕ್ಕೆ ಹೊಂಟಂಗೆ ಕಾಣ್ತೀಯ” ಅಂದಳಂತೆ.

ಎಳ್ಳೂ ತಲುಪಿತು. ಚಟ್ನಿ ಚೆನ್ನಾಗಿತ್ತು.

ಮಳೆ ಹದವಾಗಿ ಬಂದಿದೆ. ಹಟ್ಟಿಯ ಕಾಟಯ್ಯನ ಕುರಿಮಂದೆಯನ್ನು ನಾಲ್ಕು ರಾತ್ರಿ ತೋಟದಲ್ಲಿ ನಿಲ್ಲಿಸಿಕೊಂಡೆವು. ತೆಂಗಿನ ಬುಡವೆಲ್ಲ ಗೊಬ್ಬರ. ನೀನು ದೀಪಾವಳಿಗೆ ಬಂದಾಗ ತೋಟದಲ್ಲಿ ಒಂದನ್ನು ತೋರಿಸುತ್ತೇನೆ. ಏನು ಅಂತ ಈಗ ಹೇಳುವುದಿಲ್ಲ.

ಇನ್ನೊಂದು ವಿಷಯ. ಧನ್ಯಶ್ರೀಗೆ ತಿಪಟೂರಿನ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಪುನೀತ್, ಸರ್ಕಾರಿ ಕೆಲಸ. ಕಿಬ್ಬನಹಳ್ಳಿಯಲ್ಲಿ ಒಂದು ಮದುವೆಗೆ ಹೋದಾಗ ಊಟದ ಪಂಕ್ತಿಯಲ್ಲಿ ಇವಳು ಯಾವುದಕ್ಕೋ ಜೋರಾಗಿ ನಕ್ಕಳಂತೆ. ಎದುರು ಸಾಲಿನಲ್ಲಿದ್ದ ಆ ಹುಡುಗನೂ ನಕ್ಕನಂತೆ. ಅಷ್ಟೇ. ಮರುದಿನ ಅವರ ಕಡೆಯಿಂದಲೇ ಕೇಳಿಕೊಂಡು ಬಂದರು. ಯಾವ ಇಲಾಖೆ ಅಂತ ಗಟ್ಟಿಯಾದ ಮೇಲೆ ಹೇಳುತ್ತೇನೆ. ಈ ಹಿಂದೆ ಮೂರು ಸಲವೂ ನಾನು ಮೊದಲೇ ಬಾಯಿಬಿಟ್ಟೇ ಕೆಟ್ಟೆ.

ಶಾಂತಕುಮಾರಿ


ಪಿತೋರಾಗಢ
27 ಜೂನ್ 2025

ಅಕ್ಕ,

ಚಟ್ನಿ ಚೆನ್ನಾಗಿತ್ತು ಅಂದದ್ದು ಕೇಳಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಅತ್ತೆ ತಿಂದರಲ್ಲ, ಅದೇ ದೊಡ್ಡದು. ನಾನು ಇಲ್ಲಿ ಕ್ವಾರ್ಟರ್ಸಿನ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದೆ, ನಮ್ಮ ಅತ್ತೆ ಬೆಟ್ಟದವರ ಚಟ್ನಿಗೆ ಮಾರುಹೋದರು ಅಂತ. ಮಂಡಿ ನೋವು ಕಡಿಮೆಯಾಯಿತಾ? ತಿಪಟೂರಿನ ಡಾಕ್ಟರು ಬರೆದುಕೊಟ್ಟ ಎಣ್ಣೆಯನ್ನು ಇನ್ನೂ ಹಚ್ಚುತ್ತಿದ್ದಾರಾ?

ತೋಟದ ಗುಟ್ಟೇನು? ಹೊಸ ಬೋರ್‌ವೆಲ್ಲಾ? ಹೇಳದೇ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಹುಡುಗನ ಇಲಾಖೆಯನ್ನೂ ಬಚ್ಚಿಟ್ಟಿದ್ದೀಯ. ರೆವಿನ್ಯೂ ಇರಬೇಕು, ಅದಕ್ಕೇ ನಿನ್ನ ಬಾಯಿಗೆ ಬೀಗ.

ಅನಿತಾ


ಶೆಟ್ಟಿಕೆರೆ
14 ಜುಲೈ 2025

ಅನಿತಾಗೆ,

ನಿನಗೆ ನಿದ್ದೆ ಕೆಡಿಸಿದ ಪಾಪ ನನಗೇಕೆ, ಹೇಳಿಬಿಡುತ್ತೇನೆ. ಚಟ್ನಿ ಚೆನ್ನಾಗಿತ್ತು ಅಂತ ಸುಳ್ಳು ಬರೆದೆ, ನೀನು ಕಳಿಸಿದ ಎಳ್ಳನ್ನು ನಾವು ಚಟ್ನಿ ಮಾಡಲಿಲ್ಲ. ಬಿತ್ತಿದೆವು.

ಬೇಜಾರು ಮಾಡಿಕೊಳ್ಳಬೇಡ. ಅಷ್ಟು ಗಟ್ಟಿ ಬೀಜ ಕೈಗೆ ಬಂದರೆ ಬಾಣಲೆಗೆ ಹಾಕಬೇಕು ಅಂತ ನಮ್ಮ ಮನೆಯಲ್ಲಿ ಯಾರಿಗೆ ಹೊಳೆಯುತ್ತದೆ ಹೇಳು? ನಾನು ಒಲೆ ಹಚ್ಚಿದ್ದೆ. ಅತ್ತೆ ಬಂದು ಒಂದು ಚಿಟಿಕೆ ತೆಗೆದುಕೊಂಡು ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾಗಿ ಹುಲ್ಲಿನೊಳಗೆ ಇಟ್ಟರು. ಮೂರನೆಯ ದಿನಕ್ಕೆ ಎಲ್ಲವೂ ಮೊಳಕೆ. “ಜೀವ ಇರೋದ್ನ ಹುರಿತಾರೇನೇ? ಒಂದು ವರ್ಷ ತಡಿ, ಚೀಲ್‌ಗಟ್ಲೆ ಬತ್ತದೆ, ಆಮೇಲೆ ಹುರ್ಕೊಂಡು ತಿನ್ನು” ಅಂದರು. ಎರಡು ತೆಂಗಿನ ಸಾಲಿನ ನಡುವೆ, ತೊಟ್ಟಿಯ ನೀರು ಹರಿಯುವ ಕಡೆ ಹಾಕಿದೆವು.

ಅನಿತಾ, ನೀನು ನೋಡಬೇಕು! ಕುರಿಗೊಬ್ಬರಕ್ಕೆ ಹೇಗೆ ಎದ್ದಿವೆ ಅಂತೀಯ! ನನ್ನ ಸೊಂಟದ ಎತ್ತರ ದಾಟಿವೆ. ಎಲೆ ಅಗಲಿಸಿದ ಕೈಬೆರಳಿನ ಹಾಗೆ, ಅಂಚೆಲ್ಲ ಗರಗಸ. ದಿನಾ ಸಂಜೆ ನೀರು ಹಾಕುವುದು ಧನ್ಯಶ್ರೀ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ.

ಕಾಟಯ್ಯನೊಬ್ಬ ಮಾತ್ರ ಬಹಳ ಹೊತ್ತು ನೋಡಿ, “ಅಕ್ಕಾ, ಎಲ್ಲಿಂದ ತಂದ್ರಿ ಇದ್ನ?” ಅಂದ. “ಮಿಲ್ಟ್ರಿಯಿಂದ ಬಂದೈತೆ” ಅಂದರು ಅತ್ತೆ. “ಮಿಲ್ಟ್ರಿಯಿಂದ್ಲಾ?” ಅಂತ ಅವನು ಹಿಂದಕ್ಕೆ ಸರಿದು, “ನನ್ನ ಕುರೀನ ಇನ್ಮೇಲೆ ಈ ತೋಟಕ್ಕೆ ಬುಡಾಕಿಲ್ಲ ಕಣಕ್ಕ” ಅಂದ. ಹೊಟ್ಟೆಕಿಚ್ಚು. ಅವನ ಹೊಲದಲ್ಲಿ ಹುರುಳಿ ಕೂಡ ಸರಿಯಾಗಿ ಎದ್ದಿಲ್ಲ.

ಆಷಾಢ ಕಳೆಯಲಿ ಅಂತ ಹುಡುಗನ ಕಡೆಯವರು ಕಾದಿದ್ದಾರೆ. ಆಗಸ್ಟ್ ಮೂರು, ಭಾನುವಾರ ಮನೆ ನೋಡಲು ಬರುತ್ತಾರೆ. ಧನ್ಯಶ್ರೀ ಬಾಯಲ್ಲಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಆ ಹುಡುಗನ ಫೋಟೋವನ್ನು ಹೊಲಿಗೆ ಮಿಷಿನ್ನಿನ ದಾರದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ಅವಳ ಫೋನು ನೀರಿನ ತೊಟ್ಟಿಗೆ ಬಿದ್ದು ಅಕ್ಕಿ ಡಬ್ಬದಲ್ಲಿ ಒಣಗುತ್ತಿದೆ, ಅದಕ್ಕೇ ಚಿಕ್ಕಮ್ಮನಿಗೆ ಫೋನ್ ಮಾಡಿಲ್ಲ.

ಈ ಸಲ ಏನೂ ಕೆಡದಿದ್ದರೆ ಸಾಕು.

ಶಾಂತಕುಮಾರಿ


ಪಿತೋರಾಗಢ
25 ಜುಲೈ 2025
ಸ್ಪೀಡ್ ಪೋಸ್ಟ್

ಅಕ್ಕ, ಇದನ್ನು ನಿಂತಲ್ಲೇ ಓದು. ಓದಿದ ಮೇಲೆ ಕೂತುಕೋ.

ಅದು ಎಳ್ಳಲ್ಲ. ಭಂಗಿ. ನೀನು ತೆಂಗಿನ ಸಾಲಿನಲ್ಲಿ ಬೆಳೆಸಿರುವುದು ಗಾಂಜಾ ಗಿಡ.

ಹೆಸರು ಬಚ್ಚಿಟ್ಟದ್ದು ನನ್ನ ತಪ್ಪು. ಭಂಗಿಯ ಬೀಜ ಅಂದಿದ್ದರೆ ಅತ್ತೆ ಮುಟ್ಟುತ್ತಿದ್ದರಾ? ಹಿಂದೆ ಒಬ್ಬ ಸಾಧು ನಮ್ಮ ಜಗಲಿಯಲ್ಲಿ ಕೂತು ಚಿಲುಮೆ ಹಚ್ಚಿದ ಅಂತ ಬಿಂದಿಗೆ ನೀರು ತಲೆಗೆ ಸುರಿದು ಕಳಿಸಿದವರು ಅವರು. ಆದರೆ ಬೀಜದಲ್ಲಿ ಅಮಲಿಲ್ಲ ಅಕ್ಕ, ದೇವರಾಣೆ. ಇಲ್ಲಿ ಮಕ್ಕಳೂ ತಿನ್ನುತ್ತಾರೆ. ಆಹಾರ ಅಂತ ಸರ್ಕಾರವೇ ಒಪ್ಪಿದೆ, ದೊಡ್ಡ ಊರಿನ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಅಷ್ಟೇ ಏಕೆ, ಅತ್ತೆ ಮಂಡಿಗೆ ಹಚ್ಚುವ ಎಣ್ಣೆಯೂ ಇದೇ ಗಿಡದ ಎಲೆಯದ್ದು. ಸೀಸೆಯ ಮೇಲೆ ವಿಜಯಾ ಅಂತ ಬರೆದಿರುತ್ತದೆ ನೋಡು, ಅದು ಭಂಗಿಗೆ ಸಂಸ್ಕೃತದ ಹೆಸರು. ಲೈಸೆನ್ಸ್ ಇರುವ ಆಯುರ್ವೇದದವರು ಮಾಡಿ, ಡಾಕ್ಟರ್ ಚೀಟಿಗೆ ಕೊಡುತ್ತಾರೆ.

ಬೀಜ ತಿನ್ನಬಹುದು. ಎಣ್ಣೆ ಹಚ್ಚಬಹುದು. ಆದರೆ ಗಿಡ ಬೆಳೆದರೆ ಜೈಲು. ಇಲ್ಲಿ ಬೆಟ್ಟದಲ್ಲಿ ಲೈಸೆನ್ಸ್ ಕೊಟ್ಟು ಬೆಳೆಸುತ್ತಾರೆ, ಅಮಲು ಎಷ್ಟಿದೆ ಅಂತ ಅಧಿಕಾರಿಗಳು ಬಂದು ಅಳೆಯುತ್ತಾರೆ. ನಮ್ಮ ಕಡೆ ಅದೂ ಇಲ್ಲ. ಹೂ ಬಿಡುವ ಮೊದಲೇ ಬುಡಸಮೇತ ಕಿತ್ತುಹಾಕು.

ನಿನ್ನೆ ನೀರಿನ ಟ್ಯಾಂಕಿನ ಹತ್ತಿರ ಸಿಗ್ನಲ್ ಹುಡುಕಿ ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು, ಸ್ಪೀಕರ್ ಹಾಕಿದರು. ಹಿಂದೆ ಹುಚ್ಚಕ್ಕನ ದನಿ, ಇನ್ನೂ ಯಾರ್ಯಾರದ್ದೋ ಕೆಮ್ಮು. ಊರಿನ ಮುಂದೆ ಆ ಹೆಸರು ಹೇಗೆ ಹೇಳಲಿ? “ಅತ್ತೆ, ಆ ಗಿಡ ಮನೆಗೆ ಒಳ್ಳೇದಲ್ಲ, ಕೀಳಿಸಿಬಿಡಿ” ಅಂದೆ. “ನಿನ್ ಕಣ್ಣು ಬಿದ್ದೈತೆ ಅಂತ ಹೆದ್ರಬ್ಯಾಡ ಕಣವ್ವ, ದೃಷ್ಟಿ ತೆಗಿತೀನಿ ಬುಡು” ಅಂತ ಇಟ್ಟರು. ಅತ್ತೆಗೆ ಒಂದು ಗುಟ್ಟು ಹೇಳುವುದೂ ಒಂದೇ, ಟಾಂ ಟಾಂ ಹೊಡೆಸುವುದೂ ಒಂದೇ. ಭಾವನಿಗೆ ಮಾಡಿದರೆ, ನಾನು ಬಾಯಿ ತೆಗೆಯುವ ಮೊದಲೇ “ನಿಮ್ಮಕ್ಕನ್ನ ಕೇಳಮ್ಮ” ಅಂತ ಕಟ್ ಮಾಡಿದರು. ಇವರು ಗಡಿಯ ಮೇಲಿನ ಪೋಸ್ಟಿಗೆ ಕಾವಲಿಗೆ ಹೋಗಿದ್ದಾರೆ, ಮಾತಿಗೇ ಸಿಗುವುದಿಲ್ಲ. ಮಿಲಿಟರಿ ಕ್ವಾರ್ಟರ್ಸಿನಿಂದ ಆ ಹೆಸರನ್ನು ಮೆಸೇಜಿನಲ್ಲಿ ಬರೆಯಲು ನನಗೆ ಭಯ.

ಧನ್ಯಶ್ರೀಗೆ ಆ ಹುಡುಗ ಇಷ್ಟ ಅಕ್ಕ. ಇಷ್ಟವಿಲ್ಲದಿದ್ದರೆ ಅವನ ಫೋಟೋವನ್ನು ದಾರದ ಡಬ್ಬಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಅವರು ಬರುವಷ್ಟರಲ್ಲಿ ತೋಟ ಗುಡಿಸಿದ ಹಾಗಿರಬೇಕು. ಮಳೆಗೆ ಇಲ್ಲಿ ರಸ್ತೆ ಕುಸಿದಿದೆ ಅಂತಾರೆ. ಈ ಕಾಗದ ಬೇಗ ತಲುಪಲಿ.

ಅನಿತಾ


ಶೆಟ್ಟಿಕೆರೆ
4 ಆಗಸ್ಟ್ 2025

ಅನಿತಾಗೆ,

ನಿನ್ನಿಂದ ಕಾಗದವಿಲ್ಲ. ಮುನಿಸಿಕೊಂಡಿದ್ದೀಯ ಅಂತ ಗೊತ್ತು, ಎಳ್ಳು ಬಿತ್ತಿದ್ದಕ್ಕೆ. ನಿನ್ನೆಯ ಸುದ್ದಿ ಓದಿದರೆ ನಿನ್ನ ಮುನಿಸು ಇಳಿಯುತ್ತದೆ.

ಹುಡುಗ, ಅವನ ಅಪ್ಪ ಗಂಗಾಧರಯ್ಯನವರು, ಸೋದರತ್ತೆ ರಾಮಲಕ್ಷ್ಮಮ್ಮನವರು ಬಾಡಿಗೆ ಕಾರಿನಲ್ಲಿ ಬಂದರು. ಉಪ್ಪಿಟ್ಟು, ಕೊಬ್ಬರಿ ಮಿಠಾಯಿ ಕೊಟ್ಟೆವು. ಹುಡುಗ ಮೆತ್ತಗಿದ್ದಾನೆ, ಮಾತು ಕಡಿಮೆ. ಧನ್ಯಶ್ರೀ ಕಾಫಿ ತಂದಾಗ ಅತ್ತೆಯ ಟೋಪಿ ಜಾರಿ ಕಣ್ಣಿನ ಮೇಲೆ ಬಂತು. ಇವಳು ತಡೆಯಲಾರದೆ ನಕ್ಕುಬಿಟ್ಟಳು. ಇದೂ ಕೆಟ್ಟಿತು ಅಂದುಕೊಂಡೆ. ನೋಡಿದರೆ ಹುಡುಗನೂ ನಗುತ್ತಿದ್ದಾನೆ, ಕಾಫಿ ತಟ್ಟೆಗೆಲ್ಲ ಚೆಲ್ಲಿದೆ! ಆಗಲೇ ನನಗೆ ಧೈರ್ಯ ಬಂತು.

ಆಮೇಲೆ ಎಳನೀರಿಗೆ ತೋಟಕ್ಕೆ ಕರೆದುಕೊಂಡು ಹೋದೆವು. ಗಂಗಾಧರಯ್ಯನವರು ಒಂದೊಂದು ಮರವನ್ನೂ ತಟ್ಟಿ ತಟ್ಟಿ ನೋಡಿದರು. ಹುಡುಗ ಮಾತ್ರ ನಿನ್ನ ಎಳ್ಳಿನ ಗಿಡದ ಮುಂದೆ ನಿಂತವನು ನಿಂತೇ ಇದ್ದ. ಎಳನೀರು ಅರ್ಧ ಕುಡಿದು ಹಾಗೇ ಹಿಡಿದುಕೊಂಡಿದ್ದ.

“ಇದ್ನ ಯಾರು ನೆಟ್ಟಿದ್ದು?” ಅಂದ.

“ನಾನೇ ಕಣಪ್ಪ” ಅಂದರು ಅತ್ತೆ. “ನೀರು ಹಾಕಿ ಬೆಳ್ಸಿದ್ದು ನಿನ್ನ ಹೆಣ್ಣು.”

ಅವನ ಮುಖವೆಲ್ಲ ಬೆವತಿತು. ಪಾಪ, ನಾಚಿಕೆ. “ಇದು ಎಷ್ಟು ಜನಕ್ಕೆ ಗೊತ್ತು ಅಜ್ಜಿ?” ಅಂತ ಮೆಲ್ಲಗೆ ಕೇಳಿದ.

“ಊರೆಲ್ಲ ನೋಡ್ಕಂಡು ಹೋಗೈತೆ. ಬೇಕಂದೋರ್ಗೆಲ್ಲ ಬೀಜ ಮಾಡ್ಕೊಡ್ತೀನಿ ಅಂದಿವ್ನಿ” ಅಂದರು. ಅವನು ಮರವನ್ನು ಹಿಡಿದುಕೊಂಡ.

ಸಂಬಂಧ ನೋಡಲು ಬಂದವರಿಗೆ ನಮ್ಮ ಮನೆಯಲ್ಲಿ ತೆಂಗಿನ ಸಸಿ ಕೊಟ್ಟು ಕಳಿಸುವ ಪದ್ಧತಿ ನಿನಗೆ ಗೊತ್ತಲ್ಲ. ಒಪ್ಪಿದರೆ ಅವರ ಹಿತ್ತಲಲ್ಲಿ ನೆಡುತ್ತಾರೆ, ಇಲ್ಲವಾದರೆ ಸಸಿ ವಾಪಸು ಬರುತ್ತದೆ. ಮೂರು ಸಸಿ ವಾಪಸು ಬಂದದ್ದನ್ನು ನಾನೇ ಈ ಕೈಯಲ್ಲಿ ಇಳಿಸಿಕೊಂಡಿದ್ದೇನೆ. ನಿನ್ನೆ ತೆಂಗಿನ ಸಸಿಯ ಜೊತೆ ಅತ್ತೆ ಇನ್ನೊಂದು ಕೆಲಸ ಮಾಡಿದರು. ನಿನ್ನ ಎಳ್ಳಿನ ಗಿಡದಲ್ಲಿ ಚಿಕ್ಕದಾದರೂ ಚೆನ್ನಾಗಿರುವುದೊಂದನ್ನು ಮಣ್ಣುಸಮೇತ ಎತ್ತಿ, ಗೊಬ್ಬರದ ಚೀಲದಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಹುಡುಗನ ಕೈಗೇ ಕೊಟ್ಟರು. “ಜೋಡಿ ಸಸಿ ಕಣಪ್ಪ, ಬ್ಯಾಡ ಅನ್ಬಾರ್ದು.” ಅವನು ಬೇಡ ಬೇಡ ಅಂದ. ರಾಮಲಕ್ಷ್ಮಮ್ಮನವರು, “ಹಿರೀಕ್ರು ಕೊಟ್ಟಿದ್ದ ಬ್ಯಾಡ ಅಂತಾರೇನ್ಲಾ” ಅಂತ ಗದರಿ ಅವನ ತೊಡೆಯ ಮೇಲೇ ಇಡಿಸಿದರು. ಕಾರು ತಿರುಗುವವರೆಗೂ ಅವನು ನಮ್ಮನ್ನೇ ನೋಡುತ್ತಿದ್ದ. ಎಷ್ಟು ಪ್ರೀತಿ!

ಈಗ ಹೇಳುತ್ತೇನೆ, ಹೇಳಿದರೂ ಪರವಾಗಿಲ್ಲ. ಹುಡುಗ ಅಬಕಾರಿ ಇಲಾಖೆಯಲ್ಲಿ ಗಾರ್ಡು. ಹೆಂಡ, ಗಾಂಜಾ ಹಿಡಿಯುವ ಕೆಲಸವಂತೆ. ಅಂಥ ದುಶ್ಚಟದವರ ಸುದ್ದಿಯೇ ಇಲ್ಲದ ಮನೆಗೆ ಅವನು ಅಳಿಯನಾಗಿ ಬರುವುದು ನಮ್ಮ ಪುಣ್ಯ.

ಶಾಂತಕುಮಾರಿ


ಪಿತೋರಾಗಢ
4 ಆಗಸ್ಟ್ 2025

ಅಕ್ಕ,

ಕಿತ್ತೆಯಾ? ಒಂದೇ ಗೆರೆ ಬರೆ ಸಾಕು.

ಮನೆಗೆ ಮತ್ತೆ ಫೋನ್ ಮಾಡಿದೆ. ಅತ್ತೆ, “ಹುಡ್ಗಂಗೆ ನಿನ್ನ ಗಿಡ ಬೋ ಹಿಡಿಸ್ತು ಕಣೇ” ಅಂದರು. ಸಿಗ್ನಲ್ ಹೋಯಿತು. ನನ್ನ ಜೀವವೂ ಹೋಯಿತು.

ಅನಿತಾ


ಶೆಟ್ಟಿಕೆರೆ
7 ಆಗಸ್ಟ್ 2025

ಅನಿತಾ,

ನಿನ್ನ ಸ್ಪೀಡ್ ಪೋಸ್ಟು ಮೊನ್ನೆ, ಮಂಗಳವಾರ ಬಂತು. ನೀನು ಹೇಳಿದ ಹಾಗೆ ಕೊಟ್ಟಿಗೆಯಲ್ಲಿ ನಿಂತು ಓದಿದೆ, ಕೂತುಕೊಂಡೆ. ಕೂತದ್ದು ಸಗಣಿಯ ಮೇಲೆ ಅಂತ ಆಮೇಲೆ ಗೊತ್ತಾಯಿತು.

ನಿಮ್ಮ ಭಾವನಿಗೆ ಹೇಳಿದೆ. ಅವರು ಕೊಬ್ಬರಿ ರಾಶಿಯ ಮೇಲೆ ಕೂತು, “ನಾನು ಹರಾಜಿಗೆ ಹೋಗೋನು ಕಣೇ, ಕೋರ್ಟಿಗೆ ಹೋದೋನಲ್ಲ” ಅಂತ ಅದನ್ನೇ ಹೇಳಿದರು. ಮಚ್ಚು ಹಿಡಿದು ತೋಟಕ್ಕೆ ಓಡಿದೆವು. ಅಲ್ಲಿ ಅತ್ತೆ! ಟೋಪಿ ಹಾಕಿಕೊಂಡು ಗಿಡಗಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟರು. “ಜೋಡಿ ಸಸಿ ಕೊಟ್ಟು ಮೂರು ದಿನಕ್ಕೇ ತಾಯಿಗಿಡ ಕೀಳ್ತೀರಾ? ನನ್ನ ಮೊಮ್ಮಗಳ ಬಾಳು ಏನಾಗ್ಬೇಕು? ಕೀಳಂಗಿದ್ರೆ ನನ್ನ ಕಿತ್ತಾಕಿ” ಅಂದರು. ಕಾರಣ ಹೇಳೋಣವೆಂದರೆ ಬೇಲಿಯ ಆಚೆ ಹುಚ್ಚಕ್ಕ ನಿಂತಿದ್ದಾಳೆ. ಮೆಲ್ಲಗೆ ಹೇಳಿದರೆ ಅತ್ತೆಗೆ ಕೇಳುವುದಿಲ್ಲ, ಜೋರಾಗಿ ಹೇಳಿದರೆ ಊರಿಗೆ ಕೇಳುತ್ತದೆ.

ಹೀಗೆ ನಾವು ಮಚ್ಚು ಹಿಡಿದು ನಿಂತಿರುವಾಗಲೇ ಅಬಕಾರಿ ಜೀಪು ಬಂತು.

ಮೊದಲು ಇಳಿದವನು ಪುನೀತ್, ಯೂನಿಫಾರಂನಲ್ಲಿ. ಹಿಂದೆ ಅವನ ಇನ್‌ಸ್ಪೆಕ್ಟರು, ಕೃತಿಕಾ ಮೇಡಂ ಅಂತ. ಅನಿತಾ, ನಾನು ಅವರ ಮುಖ ನೋಡಲಿಲ್ಲ. ಜೀಪಿನ ಹಿಂದುಗಡೆ ನೋಡಿದೆ. ತೆಂಗಿನ ಸಸಿ ವಾಪಸು ತಂದಿದ್ದಾರಾ ಅಂತ. ಕುಂಕುಮ ಹಚ್ಚಿದ ಆ ಹಾಳು ಗಿಡ ಮಾತ್ರ ಇತ್ತು, ತಲೆ ಬಾಗಿಸಿಕೊಂಡು. ತೆಂಗಿನ ಸಸಿ ಇರಲಿಲ್ಲ. ಜೈಲು ಕಣ್ಣ ಮುಂದಿದ್ದರೂ ನನಗೆ ಒಂದು ಉಸಿರು ಹಗುರಾಯಿತು. ಹುಚ್ಚು ನೋಡು.

ಅತ್ತೆಗೆ ಮಹಾ ಸಂತೋಷ. “ಬಾಪ್ಪ, ಬಾ! ಮೂರು ದಿನ ತಡ್ಕಳಾಕೆ ಆಗ್ಲಿಲ್ವಾ? ಈ ಹೆಣ್ಮಗಳು ಯಾರು, ನಿಮ್ಮಕ್ಕನಾ?”

“ನಮ್ಮ ಇನ್‌ಸ್ಪೆಕ್ಟರ್ ಮೇಡಂ, ಅಜ್ಜಿ” ಅಂದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ನಡೆದದ್ದು ಇಷ್ಟು. ಭಾನುವಾರ ಅವರು ಕಿಬ್ಬನಹಳ್ಳಿಯಲ್ಲಿ ಟೀ ಕುಡಿಯಲು ನಿಂತಾಗ, ಕಾರಿನಲ್ಲಿ ಗಿಡ ಬಾಡುತ್ತದೆ ಅಂತ ರಾಮಲಕ್ಷ್ಮಮ್ಮನವರು ಅದನ್ನು ಕಂಕುಳಲ್ಲಿ ಎತ್ತಿಕೊಂಡೇ ಇಳಿದರಂತೆ. ಎದುರಿಗೇ ಇವನ ಜೊತೆಯವರು ಬಸ್ಸು ತಪಾಸಣೆ ಮಾಡುತ್ತಿದ್ದರು. “ಭಾನುವಾರಾನೂ ರೇಡಾ ಪುನೀತಣ್ಣ?” ಅಂದರಂತೆ. ಇವನು ಹೂಂ ಅನ್ನಲೂ ಆಗದೆ, ಇಲ್ಲ ಅನ್ನಲೂ ಆಗದೆ ಬಿಸಿ ಟೀಯನ್ನು ಒಂದೇ ಗುಟುಕಿಗೆ ನುಂಗಿದನಂತೆ. ಸೋಮವಾರವೆಲ್ಲ ಊಟ ಬಿಟ್ಟು, ಮಂಗಳವಾರ ಬೆಳಿಗ್ಗೆ ಗಿಡವನ್ನು ಕುಂಕುಮಸಮೇತ ಮೇಡಂ ಮೇಜಿನ ಮೇಲಿಟ್ಟು, “ಇದನ್ನ ಸಾಗಿಸಿದೋನು ನಾನೇ, ಮೊದಲು ನನ್ ಮೇಲೆ ಬರೀರಿ” ಅಂದನಂತೆ. ಮೇಡಂ ತಾವೇ ಹೇಳಿದರು.

ಅತ್ತೆಗೆ ಅದು ಗಾಂಜಾ ಅಂತ ಮೇಡಂ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು. ಅತ್ತೆ ಎದ್ದು, ಸೀರೆ ಕೊಡವಿಕೊಂಡು, ನಾಲ್ಕು ಹೆಜ್ಜೆ ದೂರ ಹೋಗಿ ನಿಂತರು. ಆಮೇಲೆ ಜಗಳಕ್ಕೆ ಬಂದರು.

“ಬೀಜ ತಿನ್ಬೈದಾ?”

“ತಿನ್ನಬಹುದು ಅಜ್ಜಿ.”

“ನನ್ನ ಮಂಡಿ ಎಣ್ಣೆ?”

ಮೇಡಂ ಸೀಸೆ ತರಿಸಿ ನೋಡಿದರು. “ಡಾಕ್ಟರ್ ಚೀಟಿ ಇದ್ರೆ ಹಚ್ಕೊಬಹುದು.”

“ಬೀಜ ತಿನ್ಬೈದು, ಎಲೆ ಎಣ್ಣೆ ಹಚ್ಬೈದು, ಗಿಡ ಮಾತ್ರ ಇರ್ಬಾರ್ದು. ಹಂಗಾರೆ ಅವೆಲ್ಲ ಎಲ್ಲಿಂದ ಬತ್ತವೆ ತಾಯಿ, ಮಳೇಲಿ ಉದುರ್ತವಾ?”

“ಲೈಸೆನ್ಸ್ ಇರೋ ಕಡೆಯಿಂದ ಬರ್ತವೆ.”

“ಲೈಸೆನ್ಸು ಇಲ್ದೇನೇ ಎದೆಮಟ್ಟ ಬೆಳ್ದೈತೆ. ಇದ್ದಿದ್ರೆ ತೆಂಗಿನ ಮರ ಮುಟ್ತಿತ್ತೇನೋ!”

ಮೇಡಂ ನಗು ತಡೆದುಕೊಂಡು ಮಹಜರು ಬರೆಯಲು ಕೂತರು. ಸಾಕ್ಷಿಗೆ ಹುಚ್ಚಕ್ಕ ತಾನೇ ಬೇಲಿ ದಾಟಿ ಬಂದಳು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಕಾಟಯ್ಯನನ್ನು ಕರೆದರು. “ನಾನು ಅವತ್ತೇ ಅಂದ್ಕಂಡೆ ಸ್ವಾಮಿ, ಮಿಲ್ಟ್ರಿ ಅಂದ್ರಲ್ಲ ಅಂತ ಸುಮ್ಕಾದೆ” ಅಂದ ಅವನು.

“ಗೊತ್ತಿಲ್ಲದೆ ಬೆಳೆದಿದ್ದು ಅನ್ನೋದಕ್ಕೆ ಏನಿದೆ?” ಅಂತ ಮೇಡಂ ಕೇಳಿದರು. ನನ್ನ ಸೊಂಟದಲ್ಲಿ ನಿನ್ನ ಕಾಗದವಿತ್ತು. ಹಿಂದುಮುಂದು ನೋಡದೆ ತೆಗೆದುಕೊಟ್ಟೆ. ಕ್ಷಮಿಸು ಅನಿತಾ. ಮೇಡಂ ಅದನ್ನು ಪುನೀತನ ಕೈಗೆ ಕೊಟ್ಟು, “ಸಾಕ್ಷಿಗಳ ಮುಂದೆ ಗಟ್ಟಿಯಾಗಿ ಓದು. ಅಜ್ಜಿಗೂ ಕೇಳ್ಬೇಕು” ಅಂದರು.

ಅವನು ಓದಿದ. ಎಲ್ಲವನ್ನೂ. ಸಾಧುವಿನ ತಲೆಗೆ ನೀರು ಸುರಿದದ್ದು, ಅತ್ತೆಗೆ ಗುಟ್ಟು ಹೇಳುವುದೂ ಟಾಂ ಟಾಂ ಹೊಡೆಸುವುದೂ ಒಂದೇ ಅಂದದ್ದು. ಅತ್ತೆ ನನ್ನ ಕಡೆ ಹೇಗೆ ನೋಡಿದರು ಅಂತ ಬರೆಯುವುದಿಲ್ಲ. ಹಾಗೇ ಓದುತ್ತಾ, “ಧನ್ಯಶ್ರೀಗೆ ಆ ಹುಡುಗ” ಅಂತ ಬಂದವನು ನಿಂತ.

“ಯಾಕೆ ನಿಲ್ಲಿಸ್ದೆ? ಓದು” ಅಂದರು ಮೇಡಂ.

“ಧನ್ಯಶ್ರೀಗೆ ಆ ಹುಡುಗ ಇಷ್ಟ ಅಕ್ಕ. ಇಷ್ಟವಿಲ್ಲದಿದ್ದರೆ ಅವನ ಫೋಟೋವನ್ನು ದಾರದ ಡಬ್ಬಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ” ಅಂತ ಅವನೇ ಓದಿದ.

“ಯಾರವ್ವಾ ಆ ಹುಡ್ಗ?” ಅಂದಳು ಹುಚ್ಚಕ್ಕ.

ಪುನೀತ್ ಕಾಗದವನ್ನು ಮಡಿಸಿದ. ಸಹಿಗೆ ಅಂತ ಕೊಟ್ಟಿದ್ದ ಪೆನ್ನನ್ನೂ ಮೇಡಂಗೆ ವಾಪಸು ಕೊಟ್ಟ. “ಮೇಡಂ, ಈ ಮಹಜರಿಗೆ ನಾನು ಸಹಿ ಹಾಕಂಗಿಲ್ಲ.”

“ಯಾಕೆ?”

“ಬೇಕಾದೋರ ಕೇಸಿಗೆ ಸಹಿ ಹಾಕ್ಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು. ಭಾನುವಾರ ಸಂಜೇನೇ ನಮ್ಮಪ್ಪ ತೆಂಗಿನ ಸಸಿ ನೆಟ್ಟಾಯ್ತು. ನಾನು ಈ ಮನೆ ಅಳಿಯ ಆಗೋನು.”

ಆಗ ಪಂಪ್‌ಸೆಟ್ ಮನೆಯ ಹಿಂದಿನಿಂದ ಬಂತು ನೋಡು, ನಮ್ಮ ಹುಡುಗಿಯ ನಗು! ಅಷ್ಟು ಹೊತ್ತೂ ಅಲ್ಲೇ ಬಚ್ಚಿಟ್ಟುಕೊಂಡಿದ್ದಳಂತೆ. ತೋಟದ ಕೊಕ್ಕರೆಗಳೆಲ್ಲ ಎದ್ದುಹೋದವು. ಪುನೀತನೂ ನಕ್ಕ, ಯೂನಿಫಾರಂ ಹಾಕಿಕೊಂಡೇ.

ಮೇಡಂ ಆ ಪೆನ್ನಿನಿಂದಲೇ ನಮ್ಮ ಕಡೆ ತೋರಿಸಿ, “ಹಂಗಾದ್ರೆ ಈ ಕಡೆ ಯಾಕ್ ನಿಂತಿದೀಯ? ಆ ಕಡೆ ಹೋಗು. ಅಜ್ಜಿ ಪಕ್ಕ” ಅಂದರು. ಅವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಬಂದು ನಮ್ಮ ಸಾಲಿನಲ್ಲಿ ನಿಂತ. ಅತ್ತೆ ಅವನ ಕೈ ಹಿಡಿದುಕೊಂಡರು. ಟೋಪಿಯವರಿಬ್ಬರು ಅಕ್ಕಪಕ್ಕ.

ಗಿಡಗಳನ್ನು ಬುಡಸಮೇತ ಕಿತ್ತು, ಮಾದರಿಗೆ ಒಂದಿಷ್ಟು ಸೀಲ್ ಮಾಡಿ, ಉಳಿದದ್ದನ್ನೆಲ್ಲ ಜೀಪಿಗೆ ಹಾಕಿಕೊಂಡು ಹೋದರು. ಹೂ ಬಂದಿರಲಿಲ್ಲ. ಆದರೂ ಬೆಳೆದದ್ದು ಬೆಳೆದದ್ದೇ, ಕೇಸು ಬರೆಯಲೇಬೇಕು, ತಿಳಿಯದೆ ಆದದ್ದು ಅಂತಲೂ ಬರೆಯುತ್ತೇನೆ, ಕೊನೆಯ ಮಾತು ಕೋರ್ಟಿನದು ಅಂದರು ಮೇಡಂ. ನಿಮ್ಮ ಭಾವ ಹೇಳಿಕೆ ಕೊಡಲು ನಾಳೆ ತಿಪಟೂರಿಗೆ ಹೋಗಬೇಕು. ಪುನೀತನಿಗೂ ಮೆಮೊ ಇದೆಯಂತೆ. ಭಯ ಹೋಗಿಲ್ಲ. ಆದರೆ ನಿನ್ನೆ ಊಟ ಸೇರಿತು.

ನಿನ್ನ ಕಾಗದ ಈಗ ಸರ್ಕಾರದ ಫೈಲಿನಲ್ಲಿದೆ.

ಶಾಂತಕುಮಾರಿ


ಪಿತೋರಾಗಢ
19 ಆಗಸ್ಟ್ 2025

ಅಕ್ಕ,

ಓದಿ ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಸ್ಪೀಕರಿಗೆ ಹೆದರಿ ಕಾಗದ ಬರೆದವಳು ನಾನು. ಅದನ್ನು ಇಲಾಖೆಯ ಗಾರ್ಡು ಯೂನಿಫಾರಂನಲ್ಲಿ ನಿಂತು ಊರಿಗೆ ಓದಿ ಹೇಳಿದ್ದಾನೆ!

ಅತ್ತೆ ಏನಂತಾರೆ? ನಾಲ್ಕು ಸಲ ಫೋನ್ ಮಾಡಿದೆ, ಎತ್ತುವುದಿಲ್ಲ. ಕೊನೆಯ ಸಲ ಎತ್ತಿ, ಏನೂ ಮಾತಾಡದೆ ಬರೀ ಸ್ಪೀಕರ್ ಹಾಕಿ ಇಟ್ಟರು. ಹತ್ತು ನಿಮಿಷ ನಮ್ಮ ಕೊಟ್ಟಿಗೆಯ ಎಮ್ಮೆ ಮೆಲುಕು ಹಾಕುವುದನ್ನು ಕೇಳಿದೆ. ಅದೂ ಹಾಯೆನಿಸಿತು.

ತಪ್ಪಾಯಿತು ಅಂತ ಹೇಳು. ಹೇಳಿಕೆ ಬೇಕಿದ್ದರೆ ನಾನೂ ಬರೆದು ಕಳಿಸುತ್ತೇನೆ, ಬೀಜ ಕೊಂಡ ಅಂಗಡಿಯ ಚೀಟಿ ಇದೆ. ರಂಗಪ್ಪ ಮತ್ತೆ ರಜೆಗೆ ಬರುತ್ತಾರೆ. ಅವರ ಕೈಯಲ್ಲಿ ಇಲ್ಲಿಯ ರಾಜ್ಮಾ ಕಾಳು ಕಳಿಸುತ್ತಿದ್ದೇನೆ. ಬರೀ ಕಾಳು. ಚೀಲದ ಮೇಲೆ ಹೆಸರು ಬರೆದಿದ್ದೇನೆ, ಕನ್ನಡದಲ್ಲೂ ಹಿಂದಿಯಲ್ಲೂ.

ಅನಿತಾ


ಶೆಟ್ಟಿಕೆರೆ
12 ಅಕ್ಟೋಬರ್ 2025

ಅನಿತಾಗೆ,

ಕೋರ್ಟಿನಲ್ಲಿ ವಕೀಲರು ನಿನ್ನ ಕಾಗದವನ್ನೂ ನೀನು ಕಳಿಸಿದ ಅಂಗಡಿಯ ಚೀಟಿಯನ್ನೂ ತೋರಿಸಿದರು. ಬೇಕೆಂದು ಬೆಳೆದದ್ದಲ್ಲ ಅಂತ ನಮ್ಮ ತಲೆಯ ಮೇಲಿದ್ದ ಕೇಸು ಇಳಿಯಿತು. ನಿಮ್ಮ ಭಾವ ಬಾಗಿಲಿನಲ್ಲೇ ಒಂದು ತೆಂಗಿನಕಾಯಿ ಒಡೆಯಲು ಹೋಗಿ ಪೊಲೀಸರಿಂದ ಬೈಸಿಕೊಂಡರು. ಪುನೀತನಿಗೆ ಮೆಮೊ ಒಂದಕ್ಕೇ ಮುಗಿಯಿತು. ಅದನ್ನು ಧನ್ಯಶ್ರೀ ಈಗ ಫೋಟೋದ ಜೊತೆ ದಾರದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.

ಕಾರ್ತಿಕದಲ್ಲಿ ಮದುವೆ. ಗಂಗಾಧರಯ್ಯನವರ ಹಿತ್ತಲಿನ ಸಸಿ ಹೊಸ ಗರಿ ಬಿಟ್ಟಿದೆಯಂತೆ. ರಜೆ ಹಾಕಿಸಿಕೊಂಡು ಇಬ್ಬರೂ ಬನ್ನಿ. ಕೃತಿಕಾ ಮೇಡಂಗೂ ಹೇಳಿದ್ದೇವೆ. ಬರುತ್ತೇನೆ, ಆದರೆ ಉಡುಗೊರೆಗೆ ಸಸಿ ಕೊಡಬಾರದು ಅಂದಿದ್ದಾರೆ.

ನಿನ್ನ ರಾಜ್ಮಾ ಬಂತು. ಒಂದು ಮುಷ್ಟಿಯನ್ನು ಅತ್ತೆ ಆಗಲೇ ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾಗಿ ಹುಲ್ಲಿನಲ್ಲಿ ಇಟ್ಟಿದ್ದರು, ನಾನು ಹಿಡಿದೆ. ಅಳಿಯಂದಿರು ಬಂದು ನೋಡಿ ಸರಿ ಅನ್ನುವವರೆಗೂ ಚೀಲ ಅಟ್ಟದ ಮೇಲಿರುತ್ತದೆ.

ಅತ್ತೆ ಇಲ್ಲೇ ಪಕ್ಕದಲ್ಲಿ ಕೂತು ತಾವು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಅನ್ನುತ್ತಿದ್ದಾರೆ. ಬರೆಯುತ್ತೇನೆ:

“ಅನಿತಾ, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಕಣವ್ವ. ಒಂದು ಕಿವಿ ಕೇಳಾಕಿಲ್ಲ ಅಂತ ಗುಟ್ಟು ಮಾಡಬ್ಯಾಡ, ಇನ್ನೊಂದು ಕಿವಿ ಚೆನ್ನಾಗೈತೆ. ಮದುವೆಗೆ ಆ ಚಟ್ನಿ ಬಡಿಸ್ಬೇಕು, ಅಳಿಯಂದಿರು ಆಗ್ತದೆ ಅಂದವ್ರೆ. ಅದ್ಕೆ ಬೀಜ ಕಳ್ಸು. ಆದ್ರೆ ನನ್ನ ಕೈ ನಂಗೇ ಗೊತ್ತು. ಹುರ್ದು ಕಳ್ಸು.”